ದೀಪ ಆರಿದ್ದರೆ ಲೈನಿನಲ್ಲಿ ಜನ

೯ ಫೆಬ್ರವರಿ

ಮಾನ್ಯ ಮೇಡಂ,

ನಿಮಗೆ ನನ್ನ ಪರಿಚಯವಿಲ್ಲ. ವಿಳಾಸ ಕೊಟ್ಟವರು ನಿಮ್ಮ ಎಕ್ಸ್‌ಚೇಂಜಿನ ಹಳೆಯ ಲೈನ್‌ಮ್ಯಾನ್. ಈಗ ಕೋರ್ಟಿನ ಎದುರು ಬೀಗದ ಕೈ ಮಾಡಿಕೊಡುವ ಅಂಗಡಿ ಇಟ್ಟಿದ್ದಾರೆ. "ಮೂರನೇ ಸೀಟಿನವರನ್ನ ಹಿಡೀರಿ, ಉಳಿದವರೆಲ್ಲ ಬರೀ ಪ್ಲಗ್ ಚುಚ್ಚಿದವರು" ಅಂದರು.

ನಾನು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಕರೆಗಳನ್ನು ಕೈಯಿಂದಲೇ ಜೋಡಿಸುತ್ತಿದ್ದ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತ ಹೆಣ್ಣುಮಕ್ಕಳ ದಿನ ಹೇಗಿತ್ತು, ಆ ಕೆಲಸವನ್ನೂ ಮನೆಯನ್ನೂ ಹೇಗೆ ತೂಗಿಸಿದರು ಎನ್ನುವುದು ವಿಷಯ. ನಿಮ್ಮ ಎಕ್ಸ್‌ಚೇಂಜಿನ ಕಟ್ಟಡಕ್ಕೆ ಹೋಗಿ ಬಂದೆ. ಈಗ ಅಲ್ಲಿ ವಿಮಾ ಕಚೇರಿ. ಹಳೆಯ ಕಡತಗಳನ್ನು ಕೇಳಿದರೆ, ಕಟ್ಟಡ ಖಾಲಿ ಮಾಡುವಾಗ ಎಲ್ಲವನ್ನೂ ರದ್ದಿಗೆ ಹಾಕಿದೆವು ಅನ್ನುತ್ತಾರೆ. ಹಳೆಯ ಪತ್ರಿಕೆಗಳನ್ನು ತಿರುವಿದಾಗ ಉದ್ಘಾಟನೆಯ ಒಂದು ಫೋಟೊ ಸಿಕ್ಕಿತು. ಮಂತ್ರಿಯ ಮುಖವಿದೆ, ನಿಮ್ಮೆಲ್ಲರ ಬೆನ್ನಿದೆ. ಹಾಗಾಗಿ ನನ್ನ ಪಾಲಿಗೆ ಉಳಿದಿರುವ ದಾಖಲೆ ಅಂದರೆ ನೀವುಗಳೇ.

ಎರಡು ಸಲ ಫೋನ್ ಮಾಡಿದ್ದೆ. ಗಂಡಸರ ದನಿ, "ಅಮ್ಮ ಫೋನಿಗೆ ಬರೋದಿಲ್ಲ" ಎಂದಿತು. ಅದಕ್ಕೆ ಬರೆಯುತ್ತಿದ್ದೇನೆ. ಈ ವರ್ಷದ ಕೊನೆಗೆ ಪ್ರಬಂಧ ಒಪ್ಪಿಸಬೇಕು. ಹೆರಿಗೆಯ ಕಾರಣಕ್ಕೆ ಒಮ್ಮೆ ಅವಧಿ ಮುಂದೂಡಿಸಿಕೊಂಡಾಗಿದೆ, ಇನ್ನೊಮ್ಮೆ ಕೊಡುವುದಿಲ್ಲ. ಒಪ್ಪಿಸದಿದ್ದರೆ ನೋಂದಣಿಯೇ ಹೋಗುತ್ತದೆ. ಒಂದು ಗಂಟೆ ಸಾಕು ಮೇಡಂ.

ವಿಶ್ವಾಸದಿಂದ,
ಸಂಶೋಧನಾ ವಿದ್ಯಾರ್ಥಿನಿ

೨೦ ಫೆಬ್ರವರಿ

ಹುಡುಗಿ,

ಫೋನಿಗೆ ಬರೋದಿಲ್ಲ ಅಂದವನು ನನ್ನ ಮಗ. ಸುಳ್ಳು ಹೇಳಿಲ್ಲ. ನೌಕರಿಯಿದ್ದಷ್ಟು ಕಾಲ ಊರವರ ಮಾತೆಲ್ಲ ಈ ಕಿವಿಯೊಳಗೇ ಹಾದು ಹೋಯಿತು. ಎಡಗಿವಿ ಅರ್ಧ ಮುಚ್ಚಿಕೊಂಡಿದೆ, ಬಲಗಿವಿಗೆ ಬೇಜಾರು ಬಂದಿದೆ. ಏನಿದ್ದರೂ ಬರೆದು ಕಳಿಸು ಅಂತ ಬಂಧುಗಳಿಗೂ ಹೇಳಿಬಿಟ್ಟಿದ್ದೇನೆ. ಬಂಧುಗಳು ಕಮ್ಮಿಯಾದರು, ಅದೂ ಒಂದು ಲಾಭ.

ಮೇಡಂ ಅನ್ನಬೇಡ. ಮೇಡಂ ಅಂದರೆ ಬೆನ್ನ ಹಿಂದೆ ಓಡಾಡುತ್ತಿದ್ದ ನಮ್ಮ ಸೂಪರ್‌ವೈಸರ್ ನೆನಪಾಗುತ್ತಾಳೆ. ದೊಡ್ಡಮ್ಮ ಅನ್ನು, ಸಾಕು.

ಹೇಳೋದಕ್ಕೇನಿದೆ? "ನಂಬರ್ ಪ್ಲೀಸ್" ಅನ್ನೋದು, ಪ್ಲಗ್ ಹಾಕೋದು, ಮುಗಿದ ಮೇಲೆ ಕೀಳೋದು. ನಿಮಗೆಲ್ಲ ಬೇಕಾಗಿರೋದು ನಾವು ಕದ್ದು ಏನು ಕೇಳಿಸಿಕೊಂಡೆವು ಅಂತ. ಹಿಂದೆ ಒಬ್ಬ ಪತ್ರಿಕೆಯವನೂ ಬಂದಿದ್ದ, ಅದನ್ನೇ ಸುತ್ತಿಬಳಸಿ ಕೇಳಿದ. ಒಂದು ಲೋಟ ಚಹಾ ಕೊಟ್ಟು ಕಳಿಸಿದೆ. ನಿನಗೆ ಚಹಾದ ಖರ್ಚೂ ಬೇಡ ಅಂತ ಇಲ್ಲೇ ಹೇಳುತ್ತಿದ್ದೇನೆ.

ಇನ್ನಿಬ್ಬರ ವಿಳಾಸ ಹಿಂಬದಿಗೆ ಬರೆದಿದ್ದೇನೆ. ಒಬ್ಬಳನ್ನು ನಾವು 'ಗಡಿಯಾರ' ಅಂತಿದ್ದೆವು, ಇನ್ನೊಬ್ಬಳು 'ಬೆಲ್ಲದ ದನಿ'. ಇಬ್ಬರಿಗೂ ಮಾತು ಅಂದರೆ ಪ್ರಾಣ.

ಮೂರನೇ ಸೀಟು

೧೭ ಮಾರ್ಚ್

ದೊಡ್ಡಮ್ಮ,

ಇಬ್ಬರ ಮನೆಗೂ ಹೋಗಿ ಬಂದೆ. ಹೇಗಾಯಿತು ಅಂತ ನಿಮಗೆ ತಿಳಿಸಬೇಕು ಅನ್ನಿಸಿತು. ಕೇಳಿಸಿಕೊಳ್ಳಲು ಇಲ್ಲಿ ಬೇರೆ ಯಾರೂ ಇಲ್ಲ, ಅದಕ್ಕೆ.

ಗಡಿಯಾರ ಅವರು ಇಸ್ತ್ರಿ ಮಾಡಿದ ಸೀರೆಯುಟ್ಟು ಕಾದಿದ್ದರು. ಕೂರುವ ಮೊದಲೇ ಭಾಷಣ ಶುರು. ಶಿಸ್ತು, ಸಮಯಪಾಲನೆ, ಈಗಿನ ಹುಡುಗಿಯರಿಗೆ ಅದಿಲ್ಲ. ನಾನು ಯಾವ ಪ್ರಶ್ನೆ ಎತ್ತಿದರೂ ಅದು ಶಿಸ್ತಿನ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು. ಮನೆಯಲ್ಲಿ ಕಷ್ಟವಾಗುತ್ತಿರಲಿಲ್ಲವೇ ಅಂದೆ. "ಕಷ್ಟ ಯಾರಿಗಿಲ್ಲ" ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಕರೆ ಜೋಡಿಸುವ ಬೋರ್ಡಿನ ವಿಷಯ ಮಾತ್ರ ಚೆನ್ನಾಗಿ ಬಿಡಿಸಿ ಹೇಳಿದರು. ಪ್ಲಗ್ಗಿನ ಹಗ್ಗದಂಥ ವೈರಿನ ಬುಡದಲ್ಲಿರುವ ದೀಪ ಹತ್ತಿದರೆ ಫೋನ್ ಇಟ್ಟರು ಅಂತ ಅರ್ಥ, ಪ್ಲಗ್ ಕೀಳಬೇಕು. ದೀಪ ಆರಿದ್ದರೆ ಲೈನಿನಲ್ಲಿ ಜನ ಇದ್ದಾರೆ ಅಂತ, ಮುಟ್ಟಬಾರದು. ನಾನು ತಿರುಗುಮುರುಗು ಅಂದುಕೊಂಡಿದ್ದೆ.

ಬೆಲ್ಲದ ದನಿಯವರಿಗೆ ಪಾರ್ಶ್ವವಾಯು ಬಡಿದು ಮಾತೇ ನಿಂತಿದೆ. ನಿಮಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಪ್ರಶ್ನೆ ಅವರಿಗೆ, ಉತ್ತರ ಸೊಸೆಯದು. "ನಮ್ಮತ್ತೆಗೆ ಕೆಲಸ ಅಂದ್ರೆ ತುಂಬಾ ಇಷ್ಟ ಇತ್ತು ಕಣ್ರೀ, ಅಲ್ವಾ ಅತ್ತೆ?" ಅವರು ನಕ್ಕರು. "ನೋಡಿ, ಹೌದಂತೆ." ನಡುವೆ ಸೊಸೆ ನೀರು ತರಲು ಒಳಗೆ ಹೋದಾಗ ಅವರು ನನ್ನ ಮಣಿಕಟ್ಟು ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಅದನ್ನು ಯಾವ ಕಾಲಮಿನಲ್ಲಿ ಬರೆಯಲಿ?

ಮಾರ್ಗದರ್ಶಕರು ಎರಡನ್ನೂ ಓದಿ ಕನ್ನಡಕ ತೆಗೆದಿಟ್ಟರು. "ಇದರಲ್ಲಿ ಸಂದರ್ಶನ ಇದೆಯಮ್ಮ, ಮನುಷ್ಯರಿಲ್ಲ" ಅಂದರು. ಬಯ್ದಿದ್ದರೆ ವಾಸಿಯಿತ್ತು.

ಮಗಳಿಗೆ ಈಗ ಐದು ತಿಂಗಳು. ಹಗಲು ರಾತ್ರಿ ಅನ್ನುವ ಭೇದ ಇನ್ನೂ ಅವಳಿಗೆ ತಿಳಿದಿಲ್ಲ, ನನಗೆ ಮರೆತುಹೋಗಿದೆ. ಅವಳು ಮಲಗಿದರೂ ಉಸಿರಾಡುತ್ತಿದ್ದಾಳೋ ಅಂತ ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಎದ್ದುಬಿಡುತ್ತಾಳೆ. "ನೀನೇ ಎಬ್ಬಿಸಿ ನೀನೇ ಅಳ್ತೀಯ" ಅನ್ನುತ್ತಾರೆ ಯಜಮಾನರು. ಸರಿಯಾದ ಮಾತೇ.

ನೀವು ಕದ್ದು ಕೇಳಿದ್ದೇನು ಅಂತ ಖಂಡಿತ ಕೇಳುವುದಿಲ್ಲ. ಒಂದೇ ಒಂದು ಸಲ ಬರಲೇ?

ನಿಮ್ಮ,
ಸಂಶೋಧನಾ ವಿದ್ಯಾರ್ಥಿನಿ

೨ ಏಪ್ರಿಲ್

ಹುಡುಗಿ,

ಬೆಲ್ಲದ ದನಿಯ ವಿಷಯ ನಿಜಕ್ಕೂ ಗೊತ್ತಿರಲಿಲ್ಲ. ಕಾಗದ ಬರೆದಿದ್ದಳು, ಯಾವಾಗ ಅಂತ ಹುಡುಕಿದೆ, ಸಿಗಲಿಲ್ಲ. ಊರಿಗೆಲ್ಲ ಲೈನ್ ಕೊಟ್ಟವರು ನಾವು, ನಮ್ಮನಮ್ಮಲ್ಲೇ ಲೈನ್ ಇಲ್ಲ.

ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಬಾ. ಮಗುವನ್ನು ಬಿಡೋದಕ್ಕೆ ಜನ ಇಲ್ಲದಿದ್ದರೆ ಕರಕೊಂಡೇ ಬಾ. ಪ್ರಶ್ನೆ ಮಾತ್ರ ಕಮ್ಮಿ ತಾ, ಪ್ರಶ್ನೆ ಹುಡುಗಿ.

ಮೂರನೇ ಸೀಟು

೧೨ ಏಪ್ರಿಲ್

ದೊಡ್ಡಮ್ಮ,

ಯಾವ ಮುಖ ಇಟ್ಟುಕೊಂಡು ಬರೆಯಲಿ ತಿಳಿಯುತ್ತಿಲ್ಲ. ನಿಮ್ಮನ್ನು ಅಷ್ಟು ಕಾಡಿಬೇಡಿ ಒಪ್ಪಿಸಿ, ಮೊಬೈಲನ್ನು ನಡುವೆ ಇಟ್ಟು, "ರೆಕಾರ್ಡ್ ಮಾಡಿಕೊಳ್ಳಲೇ?" ಅಂತ ದೊಡ್ಡದಾಗಿ ಅನುಮತಿ ಕೇಳಿ, ನೀವು "ಮಾಡ್ಕೋ" ಅಂದು, ನೌಕರಿಗೆ ಸೇರಿದ ದಿನದ ಬಗ್ಗೆ ಹೇಳಲು ಶುರು ಮಾಡಿದ್ದು ನೆನಪಿದೆ. ಕಿಟಕಿಯ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಆಮೇಲೆ ಕಣ್ಣು ಬಿಟ್ಟಾಗ ಬಿಸಿಲು ಗೋಡೆಗೆ ಹೋಗಿತ್ತು, ನನ್ನ ತಲೆಯ ಕೆಳಗೆ ದಿಂಬಿತ್ತು, ಮಗಳು ನಿಮ್ಮ ತೊಡೆಯ ಮೇಲೆ ನಿಮ್ಮ ಕನ್ನಡಕ ಚೀಪುತ್ತಿದ್ದಳು.

ಮಾಹಿತಿದಾರರ ಎದುರು ನಿದ್ದೆ ಹೋದ ಸಂಶೋಧಕಿಯ ಬಗ್ಗೆ ಯಾವ ಪುಸ್ತಕದಲ್ಲೂ ಏನೂ ಬರೆದಿಲ್ಲ. ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಮಗನಿಗೂ ಹೇಳಿ, ಅವರು ತಂದಿಟ್ಟ ಚಹಾ ಆರಿಹೋಯಿತು ಪಾಪ.

ನಾಚಿಕೆಯಿಂದ,
ಪ್ರಶ್ನೆ ಹುಡುಗಿ

೨೬ ಏಪ್ರಿಲ್

ಪ್ರಶ್ನೆ ಹುಡುಗಿ,

ನಾಚಿಕೆ ಯಾಕೆ? ನನ್ನ ಎದುರು ಯಾರಾದರೂ ಅಷ್ಟು ಚೆನ್ನಾಗಿ ಮಲಗಿ ಎಷ್ಟೋ ಕಾಲವಾಗಿತ್ತು. ಮಲಗಿದವಳು ಸುಮ್ಮನೆ ಮಲಗಿದೆಯಾ? ನಾನು ಮಾತು ನಿಲ್ಲಿಸಿದರೆ 'ಹೂಂ' ಅಂತಿದ್ದೆ. ಕಥೆ ಕೇಳುವ ಮಕ್ಕಳು ನಿದ್ದೆ ಹತ್ತಿದ ಮೇಲೂ ಹೂಂಗುಟ್ಟುತ್ತವಲ್ಲ, ಹಾಗೆ. ನಾನೂ ಮುದುಕಿ, ಬಾಯಿಗೆ ಬಂದದ್ದು ಮಾತಾಡಿಕೊಂಡೆ.

ನಿನ್ನ ಮೊಬೈಲು ಆಗಲೇ ಆಫ್ ಆಗಿತ್ತು, ಅಲ್ಲವಾ?

ಮಗಳ ಬೆರಳು ಉದ್ದ ಇವೆ.

ದೊಡ್ಡಮ್ಮ

೧೯ ಮೇ

ದೊಡ್ಡಮ್ಮ,

ಇಷ್ಟು ದಿನ ಉತ್ತರ ಬರೆಯದಿದ್ದುದು ಉದಾಸೀನದಿಂದಲ್ಲ.

ಮೊಬೈಲ್ ಆಫ್ ಆಗಿರಲಿಲ್ಲ. ಪರದೆ ಕಪ್ಪಾಗುತ್ತದೆ, ಒಳಗೆ ರೆಕಾರ್ಡಿಂಗ್ ನಡೆದೇ ಇರುತ್ತದೆ. ನಾನು ಕೇಳಿಸಿಕೊಂಡೆ. ಪಾತ್ರೆ ತೊಳೆಯುತ್ತಾ, ಕಿವಿಗೆ ವೈರ್ ಸಿಕ್ಕಿಸಿಕೊಂಡು, ನೌಕರಿಗೆ ಸೇರಿದ ದಿನದ ಮಾತು ಬರೆದುಕೊಳ್ಳೋಣ ಅಂತ ಹಾಕಿದ್ದೆ. ಆಮೇಲೆ ನಲ್ಲಿ ನಿಲ್ಲಿಸಿ ಅಲ್ಲೇ ನೆಲದ ಮೇಲೆ ಕೂತೆ.

ನಿಮ್ಮ ಮಾತನ್ನೇ ನಿಮಗೆ ಬರೆಯುವುದು ವಿಚಿತ್ರ. ಆದರೂ ಯಾವುದರ ಬಗ್ಗೆ ಹೇಳುತ್ತಿದ್ದೇನೆ ಅಂತ ಸ್ಪಷ್ಟವಾಗಲಿ. ಯಾರದೋ ಕರೆಯಲ್ಲಿ ಯಾರದೋ ಮನೆಯ ಮಗು ಅತ್ತರೆ ನಿಮ್ಮ ಎದೆಯಲ್ಲಿ ಹಾಲು ಇಳಿದು ರವಿಕೆ ನೆನೆಯುತ್ತಿತ್ತು ಅಂದಿರಿ. ಅದು ಒಂದು. ಇನ್ನೊಂದು, ಡ್ಯೂಟಿ ಮುಗಿದ ಮೇಲೂ ನೀವು ಹೆಡ್‌ಸೆಟ್ ತೆಗೆಯದೆ ಕೂತಿರುತ್ತಿದ್ದುದು. "ಪಾಪ, ಎಷ್ಟು ನಿಷ್ಠೆ ಅಂತ ಎಲ್ಲರೂ ಹೊಗಳೋರು. ನಿಷ್ಠೆನೂ ಇಲ್ಲ, ಮಣ್ಣೂ ಇಲ್ಲ. ಮನೆಗೆ ಹೋಗೋದಕ್ಕೆ ಮನಸ್ಸಿರಲಿಲ್ಲ. ಅಲ್ಲಿ ಮಗು ಇತ್ತು. ಎದೆ ಬಾ ಅನ್ನೋದು, ಕಾಲು ಬೇಡ ಅನ್ನೋದು." ಅಲ್ಲಿ ನನ್ನ 'ಹೂಂ' ಕೇಳಿಸುತ್ತದೆ. ಗೊರಕೆಯ ಜೊತೆಗೇ.

ದೊಡ್ಡಮ್ಮ, ಇದನ್ನು ಬರೆದುಕೊಳ್ಳಲು ಅನುಮತಿ ಕೊಡಿ. ಹೆಸರು ಎಲ್ಲೂ ಬರುವುದಿಲ್ಲ, ಸೀಟಿನ ನಂಬರನ್ನೂ ಬದಲಾಯಿಸುತ್ತೇನೆ. ಇಷ್ಟು ವರ್ಷ ಓದಿದ್ದರಲ್ಲಿ ಈ ಮಾತನ್ನು ಹೀಗೆ ಯಾರೂ ಆಡಿದ್ದು ನಾನು ಕಂಡಿಲ್ಲ. ಮಾರ್ಗದರ್ಶಕರ ಹತ್ತಿರ, ಯಾರು ಅಂತ ಹೇಳದೆ, ಎರಡು ಸಾಲು ಬಾಯಿಬಿಟ್ಟೆ. "ಇದರ ಸುತ್ತ ಅಧ್ಯಾಯ ಕಟ್ಟು, ಪ್ರಬಂಧ ನಿಲ್ಲುತ್ತದೆ" ಅಂದರು. ಈ ಒಂದು ಮಾತಿಗೆ ನನ್ನ ವರ್ಷ ಉಳಿಯುತ್ತದೆ.

ಇನ್ನೊಂದು ಯೋಚನೆಯೂ ಬಂತು. ದೀಪ ಆರಿದ್ದರೆ ಲೈನಿನಲ್ಲಿ ಜನ ಇದ್ದಾರೆ ಅಂತ ನಿಮ್ಮ ಬೋರ್ಡಿನ ನಿಯಮ. ಪರದೆ ಆರಿದ್ದನ್ನು ನೋಡಿಯೂ ನೀವು ಮಾತಾಡಿದಿರಿ. ಒಳಮನಸ್ಸಿಗೆ ಗೊತ್ತಿದ್ದೇ ಮಾತಾಡಿದಿರೇನೋ, ಯಾರಾದರೂ ಕೇಳಲಿ ಅಂತ?

ಇದನ್ನು ಎಷ್ಟೋ ಸಲ ಹಾಕಿಕೊಂಡು ಕೇಳಿದೆ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಪ್ರಶ್ನೆ ಹುಡುಗಿ

೩೦ ಜೂನ್

ದೊಡ್ಡಮ್ಮ,

ನನ್ನ ಕಾಗದ ತಲುಪಿಲ್ಲವೇನೋ ಅಂದುಕೊಳ್ಳಲು ಪ್ರಯತ್ನಿಸುತ್ತಿದ್ದೇನೆ. ತಲುಪಿದೆ ಅಂತ ಗೊತ್ತು.

ಅಧ್ಯಾಯಕ್ಕೆ ಕೈ ಹಾಕಿಲ್ಲ. ಮಗಳಿಗೆ ಹಲ್ಲು ಬರುತ್ತಿದೆ, ಜ್ವರ. ಅತ್ತೆ ಬಂದಿದ್ದಾರೆ, ನಾನು ದಿನಾ ಗ್ರಂಥಾಲಯಕ್ಕೆ ಹೋಗಿ ಖಾಲಿ ಹಾಳೆಯ ಮುಂದೆ ಕೂತು ಬರುತ್ತೇನೆ. ಕೋಪವಿದ್ದರೆ ಒಂದು ಸಾಲು ಬಯ್ದಾದರೂ ಬರೆಯಿರಿ.

ಪ್ರಶ್ನೆ ಹುಡುಗಿ

೮ ಆಗಸ್ಟ್

ಹುಡುಗಿ,

ಕೋಪ ಇತ್ತು. ತಣ್ಣಗಾಗಲಿ ಅಂತ ಬಿಟ್ಟಿದ್ದೆ. ತಣ್ಣಗಾಗಿದೆಯೋ ಹಳಸಿದೆಯೋ ನೀನೇ ನೋಡು.

ಬೋರ್ಡಿನ ದೀಪದ ಮಾತು ತೆಗೆದೆಯಲ್ಲ, ಅಲ್ಲಿಂದಲೇ ಹೇಳುತ್ತೇನೆ. ಜಾಣತನದ ಮಾತು ಅದು, ನಿಜದ ಮಾತಲ್ಲ. ಬೋರ್ಡು ಬೋರ್ಡು, ಮೊಬೈಲು ಮೊಬೈಲು. ನನ್ನ ಮಗನ ಮೊಬೈಲ್ ಕಪ್ಪಾದರೆ "ಆಫ್ ಆಯ್ತಮ್ಮ, ಚಾರ್ಜಿಗೆ ಹಾಕು" ಅಂತಾನೆ. ಆಫ್ ಆಯಿತು ಅಂತಲೇ ನಾನೂ ತಿಳಿದೆ. ಮುದುಕಿಯ ಒಳಮನಸ್ಸನ್ನು ನನಗಿಂತ ಚೆನ್ನಾಗಿ ನೀನು ಓದೋದು ಬೇಡ. ಎಚ್ಚರ ಇದ್ದವಳಿಗೆ 'ಮಾಡ್ಕೋ' ಅಂದೆ. ಮಲಗಿದವಳಿಗೆ ಅಂದಿಲ್ಲ.

ಹೆಸರು ಬರೋದಿಲ್ಲ ಅಂತೀಯ. ಬೋರ್ಡಿನ ಮುಂದೆ ಕೂತವರು ನಾವು ಒಂದು ಕೈಯ ಬೆರಳಷ್ಟು ಜನ. ಅದರಲ್ಲಿ ಹಾಲು ಕುಡಿಯುವ ಮಗುವನ್ನು ಬಿಟ್ಟು ಬಂದವಳು ನಾನೊಬ್ಬಳೇ. ಸೀಟು ಬದಲಾಯಿಸಿದರೆ ಮಗು ಬದಲಾಗುತ್ತದಾ? ಆ ಮಗು ಅವತ್ತು ನಿನಗೆ ಚಹಾ ತಂದುಕೊಟ್ಟಿತು. ಈಗ ಅವನಿಗೆ ತಲೆ ಬೋಳಾಗಿದೆ, ನನ್ನ ಕಿವಿಗೆ ಔಷಧಿ ಬಿಡೋದು ಅವನೇ. ಪುಸ್ತಕ ಓದೋ ಚಟವೂ ಇದೆ. ಓದಿದರೆ ಜಗಳ ಆಡೋದಿಲ್ಲ. ಔಷಧಿ ಬಿಡುವಾಗ ಕೈ ಮಾತ್ರ ಒಂದು ಚಣ ತಡೆಯುತ್ತದೆ. ಅದು ನನಗೆ ಬೇಡ.

ಯಾರು ಅಂತ ಹೇಳದೆ ಎರಡು ಸಾಲು ಹೇಳಿದೆ ಅಂತಲೂ ಬರೆದಿದ್ದೀಯ. ಹಾಗಾದರೆ ನೀನು ಆಗಲೇ ಒಬ್ಬರಿಗೆ ಲೈನ್ ಕೊಟ್ಟಾಯಿತು. ನಮ್ಮಲ್ಲಿ ಕೇಳಿಸಿಕೊಂಡದ್ದನ್ನು ಹೊರಗೆ ಆಡಿದರೆ ಕೆಲಸ ಹೋಗುತ್ತಿತ್ತು. ಇಷ್ಟಕ್ಕೆ ನಿಲ್ಲಿಸು.

ಕಡ್ಡಿ ಮುರಿದ ಹಾಗೆ ಹೇಳುತ್ತೇನೆ, ಅನುಮತಿ ಇಲ್ಲ. ನಿನ್ನ ವರ್ಷ ಹೋಗಬಹುದು ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ. ನನಗೂ ಹಗುರವಾಗಿಲ್ಲ.

ಒಂದು ಮಾತು ಕೇಳಬೇಕು ಅಂತ ಇತ್ತು. ಅಧ್ಯಾಯ ಬರೆಯೋದಕ್ಕೆ ಒಂದು ಸಲ ಕೇಳಿದರೆ ಸಾಲದಾ? ಎಷ್ಟೋ ಸಲ ಹಾಕಿಕೊಂಡು ಕೇಳಿದೆ ಅಂತೀಯ. ಯಾಕೆ?

ದೊಡ್ಡಮ್ಮ

೧೪ ಸೆಪ್ಟೆಂಬರ್

ದೊಡ್ಡಮ್ಮ,

ಅಳಿಸಿದೆ. ಮೊಬೈಲಿನಲ್ಲಿ ಅಳಿಸಿ, ಕಂಪ್ಯೂಟರಿನಲ್ಲಿ ಇಟ್ಟಿದ್ದನ್ನೂ ಅಳಿಸಿ, ಬರೆದುಕೊಂಡಿದ್ದ ಹಾಳೆಗಳನ್ನು ನೀರಿನಲ್ಲಿ ನೆನೆಸಿ ಹಿಂಡಿ ಹಾಕಿದೆ. ನೀವು ಹೇಳಿದ ತಕ್ಷಣ ಮಾಡಲಿಲ್ಲ, ಅದನ್ನೂ ಹೇಳಿಬಿಡಬೇಕು. ಕೆಲವು ದಿನ ಇಟ್ಟುಕೊಂಡಿದ್ದೆ. ಇಟ್ಟುಕೊಂಡರೆ ದೊಡ್ಡಮ್ಮನಿಗೆ ಹೇಗೆ ತಿಳಿಯುತ್ತದೆ ಅನ್ನುವ ಯೋಚನೆ ಬಂತು. ಅದು ಬಂದ ಮೇಲೆಯೇ ಅಳಿಸಿದ್ದು.

ಮಾರ್ಗದರ್ಶಕರಿಗೆ ಹೋಗಿ ಹೇಳಿದೆ. ಆ ಮಾತು ನನ್ನದಲ್ಲ ಸರ್, ನಿಮಗೆ ಹೇಳಿದ್ದೂ ತಪ್ಪು, ಮರೆತುಬಿಡಿ ಅಂದೆ. "ಮರೆಯೋದು ಹೇಗಮ್ಮ?" ಅಂದರು. ಆಮೇಲೆ, "ಬೇರೆಯವರ ಹತ್ತಿರ ಎತ್ತೋದಿಲ್ಲ, ಅಷ್ಟು ನಂಬು" ಅಂದರು. ಗಡಿಯಾರ ಅವರ ಶಿಸ್ತು, ಬೆಲ್ಲದ ದನಿಯವರ ಸೊಸೆ, ಬೇರೆ ಊರಲ್ಲಿ ಸಿಕ್ಕ ಇನ್ನೊಂದಿಬ್ಬರು, ನೀವು ಎಚ್ಚರದಲ್ಲಿದ್ದ ನನಗೆ ಹೇಳಿದ ಮೊದಲ ದಿನದ ವಿಷಯ, ಇಷ್ಟರಲ್ಲಿ ಅಧ್ಯಾಯ ಕಟ್ಟುತ್ತಿದ್ದೇನೆ. ತೆಳ್ಳಗಿದೆ. ಒಪ್ಪಿಸಿದರೂ ಹಿಂದಕ್ಕೆ ಬರಬಹುದು ಅನ್ನುತ್ತಾರೆ. ಹಿಂದಕ್ಕೆ ಬಂದರೆ ನೋಂದಣಿ ಹೋಯಿತು. ಅತ್ತೆ, "ಹೋದ್ರೆ ಹೋಯ್ತು ಬಿಡು, ಮಗುನಾದ್ರೂ ನೆಟ್ಟಗೆ ನೋಡ್ಕೋಬಹುದು" ಅಂದರು. ಸಮಾಧಾನಕ್ಕೆ ಹೇಳಿದ್ದು.

ಯಾಕೆ ಅಷ್ಟು ಸಲ ಕೇಳಿದೆ ಅಂದಿರಿ. ಒಂದು ತಿಂಗಳಿಂದ ಇದಕ್ಕೆ ಉತ್ತರ ಬರೆಯುತ್ತಿದ್ದೇನೆ, ಬರೆದದ್ದೆಲ್ಲ ಪ್ರಬಂಧದ ಭಾಷೆಯಲ್ಲಿ ಬರುತ್ತಿದೆ. ಇಂದು ನೆಟ್ಟಗೆ ಹೇಳುತ್ತೇನೆ.

ಗ್ರಂಥಾಲಯ ಮುಚ್ಚುವುದು ಐದಕ್ಕೆ. ಬಸ್ಸು ಸಿಕ್ಕರೆ ಬೇಗ ಮನೆ ಸೇರಬಹುದು. ನಾನು ಎದುರಿಗಿರುವ ಬಸ್ಸನ್ನು ಹತ್ತುವುದಿಲ್ಲ. ಮುಂದಿನದಕ್ಕೆ ಜನ ಕಮ್ಮಿ ಇರುತ್ತದೆ ಅಂತ ನನಗೆ ನಾನೇ ಹೇಳಿಕೊಂಡು ನಿಲ್ಲುತ್ತೇನೆ. ಅದರಲ್ಲೂ ಜನ ತುಂಬಿರುತ್ತಾರೆ. ಮಗಳಿಗೆ ಏನಾದರೂ ಆಗಿಬಿಡುತ್ತದೆ ಅಂತ ಇಡೀ ದಿನ ಹೆದರುತ್ತಿರುತ್ತೇನೆ, ಊಟದ ಹೊತ್ತಿಗೆ ಅತ್ತೆಗೆ ಫೋನ್ ಮಾಡಿ ಉಸಿರು ಸರಿಯಾಗಿದೆಯಾ ಅಂತ ಕೇಳುತ್ತೇನೆ. ಹೋಗುವ ಹೊತ್ತು ಬಂದರೆ ಕಾಲು ಏಳುವುದಿಲ್ಲ. ಇದು ನನಗೊಬ್ಬಳಿಗೇ ಬಂದ ಕಾಯಿಲೆ ಅಂದುಕೊಂಡಿದ್ದೆ. ಡಾಕ್ಟರಿಗೂ ಹೇಳಿರಲಿಲ್ಲ. ಆಮೇಲೆ ಪಾತ್ರೆ ತೊಳೆಯುತ್ತಿದ್ದಾಗ ನಿಮ್ಮ ದನಿಯಲ್ಲಿ ಕೇಳಿತು. ನೀವು ಹುಚ್ಚಿಯಲ್ಲ, ನಿಮ್ಮ ಮಗ ಬದುಕಿದ್ದಾರೆ, ನಿಮ್ಮ ಕಿವಿಗೆ ಔಷಧಿ ಬಿಡುತ್ತಾರೆ. ಅದಕ್ಕೇ ಮತ್ತೆ ಮತ್ತೆ ಹಾಕಿಕೊಂಡೆ. ಅಧ್ಯಾಯ ಆಮೇಲಿನ ಮಾತು. ನಿಮ್ಮ ಹತ್ತಿರ ಅನುಮತಿ ಕೇಳುವಾಗ ಇದನ್ನೊಂದು ಬಿಟ್ಟು ಉಳಿದದ್ದೆಲ್ಲ ಬರೆದೆ.

ಇದನ್ನು ಯಾರಿಗೂ ಹೇಳಬೇಡಿ. ಈಗ ನನಗೂ ಹಾಗನ್ನುವ ಸರದಿ ಬಂದಿದೆ.

ಈ ಕಾಗದವನ್ನು ನಮ್ಮ ಮನೆಯ ಎದುರಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬಸ್ಸಿಳಿದು ಬಹಳ ಹೊತ್ತಾಯಿತು, ಚೀಲ ಮಡಿಲಲ್ಲಿದೆ. ಅಡುಗೆಮನೆಯ ಕಿಟಕಿ ತೆರೆದಿದೆ, ಅತ್ತೆ ಚಮಚದಿಂದ ಬಟ್ಟಲು ಬಡಿಯುತ್ತಿದ್ದಾರೆ, ಪ್ರತಿ ಬಡಿತಕ್ಕೂ ಅವಳು ನಗುತ್ತಿದ್ದಾಳೆ. ಇನ್ನೂ ಅತ್ತಿಲ್ಲ. ಅಳಲಿ ಅಂತ ಕಾಯುತ್ತಿದ್ದೇನೋ, ಅಳದಿರಲಿ ಅಂತಲೋ, ಗೊತ್ತಾಗುತ್ತಿಲ್ಲ. ಒಳಗೆ ಹೋಗಬೇಕು.

ಹೋಗುತ್ತೇನೆ ದೊಡ್ಡಮ್ಮ. ಇದೊಂದು ಸಾಲು ಮುಗಿಸಿ.

ನಿಮ್ಮ ಮಗಳಂಥವಳು